ಕುರ್ಚಿಯಿಂದ ಕಟ್ಟಡಕ್ಕೆ: ವಿಯೆನ್ನಾದಿಂದ ಡೆಸ್ಸೌವರೆಗೆ

ಬುಧವಾರ, ವಿಯೆನ್ನಾ

ಆಧುನಿಕ ವಾಸ್ತುವಿನ ಹುಟ್ಟನ್ನು ನೋಡಬೇಕೆಂದು ಯುರೋಪಿಗೆ ಹೋಗುವವರು ಸಾಮಾನ್ಯವಾಗಿ ಜರ್ಮನಿಯ ಡೆಸ್ಸೌ ನಗರದಲ್ಲಿರುವ, ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯ ಕಟ್ಟಡಕ್ಕೆ ಮೊದಲು ಹೋಗುತ್ತಾರೆ. ನಾನೂ ನನ್ನ ಪತ್ನಿಯೂ ಅದನ್ನು ಕೊನೆಗಿಟ್ಟುಕೊಂಡು ವಿಯೆನ್ನಾದಿಂದ ಹೊರಟೆವು. ಬೌಹೌಸ್ ಶಾಲೆಗಿಂತ ಅರವತ್ತು ವರ್ಷ ಮೊದಲೇ ಈ ಸೀಮೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಒಂದು ಕುರ್ಚಿ ಅದಕ್ಕೆ ಕಾರಣ. ಕಟ್ಟಡಗಳು ಹಳೆಯ ಅರಮನೆಗಳ ವೇಷ ತೊಟ್ಟು ನಿಂತಿದ್ದ ಕಾಲದಲ್ಲಿ ಆಧುನಿಕತೆ ಮೊದಲು ಕಾಲಿಟ್ಟದ್ದು ಪೀಠೋಪಕರಣದಲ್ಲಿ ಎಂಬುದು ನನ್ನ ಅಭಿಪ್ರಾಯ; ಅದನ್ನು ಕಣ್ಣಾರೆ ಪರೀಕ್ಷಿಸಿ ನೋಡುವ ಆಸೆಯೂ ಇತ್ತು.

ನಗರದ ಅನ್ವಯಿಕ ಕಲೆಗಳ ವಸ್ತುಸಂಗ್ರಹಾಲಯದ ಒಂದು ಕೋಣೆಯಲ್ಲಿ ಬಾಗಿಸಿದ ಮರದ ಕುರ್ಚಿಗಳನ್ನು ಬಿಳಿಯ ಪರದೆಗಳ ಹಿಂದೆ ಸಾಲಾಗಿ ಇಟ್ಟಿದ್ದಾರೆ. ನಡುವಿನ ಓಣಿಯಲ್ಲಿ ನಡೆಯುವಾಗ ಕಾಣುವುದು ನೆರಳು ಮಾತ್ರ. ಬಣ್ಣವಿಲ್ಲ, ಮರದ ನಾರಿಲ್ಲ, ಬರಿಯ ಗೆರೆ. ಹೀಗೆ ನೋಡಿದಾಗ ಈ ಕುರ್ಚಿಗಳ ಗುಟ್ಟು ತಿಳಿಯುತ್ತದೆ: ಕೆತ್ತನೆಯಿಂದ ಬಂದ ಚೆಲುವು ಇದರಲ್ಲಿ ಎಳ್ಳಷ್ಟೂ ಇಲ್ಲ, ಇರುವುದೆಲ್ಲ ಬಾಗಿನಿಂದ ಬಂದದ್ದು.

ಮಿಖಾಯೆಲ್ ತೋನೆಟ್ 1796ರಲ್ಲಿ ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ ಹುಟ್ಟಿದ ಬಡಗಿ. ತೆಳುವಾದ ಮರದ ಪಟ್ಟಿಗಳನ್ನು ಅಂಟಿನಲ್ಲಿ ಬೇಯಿಸಿ ಬಾಗಿಸುವ ಪ್ರಯೋಗವನ್ನು ಅವರು ಅಲ್ಲಿಯೇ ಆರಂಭಿಸಿದ್ದರು. ಅದನ್ನು ಮೆಚ್ಚಿದ ಆಸ್ಟ್ರಿಯಾದ ಚಾನ್ಸಲರ್ ಮೆಟ್ಟರ್ನಿಖ್ ಅವರ ಪ್ರೋತ್ಸಾಹದಿಂದ 1842ರಲ್ಲಿ ವಿಯೆನ್ನಾಕ್ಕೆ ಬಂದರು. ಅಂಟಿಸಿದ ಮರದ ಕುರ್ಚಿಗಳು ಹಡಗಿನಲ್ಲಿ ದೂರದ ತೇವದ ನಾಡುಗಳಿಗೆ ಹೋದಾಗ ಅಂಟು ಬಿಡುತ್ತಿತ್ತು. ಆದ್ದರಿಂದ ಇಡೀ ಮರವನ್ನೇ ಬಾಗಿಸುವ ಉಪಾಯ ಬೇಕಾಯಿತು. ಬಾಗಿಸುವಾಗ ಮರದ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಹಬೆಯಲ್ಲಿ ಮೆತ್ತಗಾದ ಬೀಚ್ ಎಂಬ ಜಾತಿಯ ಮರ ಕುಗ್ಗುವುದನ್ನು ಸಹಿಸುತ್ತದೆ, ಹಿಗ್ಗಿದರೆ ಸಿಗಿದುಹೋಗುತ್ತದೆ. ತೋನೆಟ್ ಕೋಲಿನ ಹೊರಮೈಗೆ ಉಕ್ಕಿನ ಪಟ್ಟಿಯೊಂದನ್ನು ಬಿಗಿದರು. ಪಟ್ಟಿ ಹಿಗ್ಗಲು ಬಿಡದ ಕಾರಣ ಒತ್ತಡವೆಲ್ಲ ಒಳಗೆ ತಿರುಗಿ, ಮರ ಸಿಗಿಯದೆ ಅಚ್ಚಿನ ಆಕಾರಕ್ಕೆ ಬಂದಿತು. ಇಷ್ಟು ಸರಳವಾದ ಉಪಾಯ ತಲೆಮಾರುಗಳ ಬಡಗಿಗಳಿಗೆ ಹೊಳೆದಿರಲಿಲ್ಲವೆಂಬುದು ಆಶ್ಚರ್ಯವೇ.

ಇದರ ಫಲವಾಗಿ 1859ರಲ್ಲಿ ಬಂದದ್ದು 14ನೆಯ ಸಂಖ್ಯೆಯ ಕುರ್ಚಿ. ಆರು ಮರದ ಭಾಗಗಳು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ತಲುಪಿದ ಊರಿನಲ್ಲಿ ಜೋಡಿಸಿಕೊಂಡರಾಯಿತು. 1930ರ ಹೊತ್ತಿಗೆ ಸುಮಾರು 5 ಕೋಟಿ ಮಾರಾಟವಾಗಿದ್ದವೆಂದು ಲೆಕ್ಕ. ಬೀಚ್ ಕಾಡು ಹತ್ತಿರವಿರುವ, ಇಂದಿನ ಚೆಕ್ ಗಣರಾಜ್ಯದ ಮೊರಾವಿಯಾದಲ್ಲಿ ಕಾರ್ಖಾನೆಗಳು ನಿಂತವು. ನುರಿತ ಬಡಗಿಗಳ ಬದಲು ಹಳ್ಳಿಯ ಗಂಡಸರೂ ಹೆಂಗಸರೂ ಒಬ್ಬೊಬ್ಬರು ಒಂದೊಂದೇ ಕೆಲಸ ಮಾಡುವ ಪದ್ಧತಿ ಬಂದಿತು. ಮುಂಬಯಿಯ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದವರಿಗೆ ಈ ಬಗೆಯ ಕುರ್ಚಿ ಹೊಸದಲ್ಲ. ವಸ್ತುವನ್ನು ಮುಚ್ಚಿಡದಿರುವುದು, ಬಿಡಿಭಾಗಗಳನ್ನು ಅಳತೆಗೆ ತಕ್ಕಂತೆ ಏಕರೂಪವಾಗಿಸುವುದು, ಅಗ್ಗದ ಬೆಲೆಗೆ ಅಪಾರ ಸಂಖ್ಯೆಯಲ್ಲಿ ತಯಾರಿಸುವುದು ಎಂದು ಆಧುನಿಕರು ಮುಂದೆ ಘೋಷಿಸಿದ್ದೆಲ್ಲ ಇಲ್ಲಿ ಯಾವ ಘೋಷಣೆಯೂ ಇಲ್ಲದೆ ನಡೆದುಹೋಗಿತ್ತು.

ಇದೇ ವಸ್ತುಸಂಗ್ರಹಾಲಯದಲ್ಲಿ ಫ್ರಾಂಕ್‌ಫರ್ಟ್ ಅಡುಗೆಮನೆಯ ಪ್ರತಿರೂಪವೂ ಇದೆ. ವಿಯೆನ್ನಾದವರೇ ಆದ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಅವರು 1926ರಲ್ಲಿ ಫ್ರಾಂಕ್‌ಫರ್ಟಿನ ಹೊಸ ವಸತಿ ಬಡಾವಣೆಗಳಿಗಾಗಿ ರೂಪಿಸಿದ ಇದರ ಅಗಲ 1.9 ಮೀಟರ್, ಉದ್ದ 3.4 ಮೀಟರ್. ಬೇಳೆ, ಹಿಟ್ಟುಗಳಿಗೆ ಹಿಡಿಯಿರುವ ಅಲ್ಯೂಮಿನಿಯಂ ಖಾನೆಗಳು, ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ, ಕುಳಿತು ಹೆಚ್ಚಲು ಕಿಟಕಿಯ ಬಳಿ ಕಟ್ಟೆ, ಹೀಗೆ ಪ್ರತಿಯೊಂದನ್ನೂ ಹೆಜ್ಜೆ ಎಣಿಸಿ ಇಟ್ಟಿದ್ದಾರೆ. ಇಂಥ ಸುಮಾರು 10,000 ಅಡುಗೆಮನೆಗಳು ಕಟ್ಟಲ್ಪಟ್ಟವು. ನನ್ನ ಪತ್ನಿ ಒಳಗೆಲ್ಲ ಕಣ್ಣಾಡಿಸಿ, "ಜಾಣ ಕೆಲಸವೇ ರೀ. ಆದರೆ ಇಲ್ಲಿ ಇಬ್ಬರು ನಿಲ್ಲುವ ಹಾಗಿಲ್ಲ; ಅಡುಗೆ ಒಬ್ಬಳದೇ ಕೆಲಸ ಅಂತ ಗೋಡೆಯೇ ತೀರ್ಮಾನ ಮಾಡಿಬಿಟ್ಟಿದೆ" ಎಂದಳು. ಮುಂದೆ ಸ್ತ್ರೀವಾದಿ ವಿಮರ್ಶಕರು ಈ ಅಡುಗೆಮನೆಯ ಮೇಲೆ ಹೊರಿಸಿದ ಆರೋಪವೂ ಹೆಚ್ಚುಕಡಿಮೆ ಅದೇ.

ಗುರುವಾರ, ವಿಯೆನ್ನಾ

ವಾಸ್ತುಶಿಲ್ಪಿ ಓಟ್ಟೊ ವಾಗ್ನರ್ ಅವರ ಅಂಚೆ ಉಳಿತಾಯ ಬ್ಯಾಂಕ್ 1904ರಿಂದ 1906ರ ನಡುವೆ ಕಟ್ಟಿದ್ದು. ಹಿಂಭಾಗದ ವಿಸ್ತರಣೆ 1910ರಿಂದ 1912ರ ಅವಧಿಯದು. ವಾಗ್ನರ್ ಹಳೆಯ ಶೈಲಿಗಳಲ್ಲಿ ಕಟ್ಟಿ ಹೆಸರು ಮಾಡಿದವರು, ಐವತ್ತು ದಾಟಿದ ಮೇಲೆ ದಾರಿ ಬದಲಿಸಿದವರು. ಹೊರಗೋಡೆ ಬಂಡೆಗಲ್ಲಿನಿಂದ ಕಟ್ಟಿದ್ದಲ್ಲ. ಇಟ್ಟಿಗೆಯ ಗೋಡೆಗೆ ತೆಳುವಾದ ಕಲ್ಲಿನ ಚಪ್ಪಡಿಗಳನ್ನು ಹೊದಿಸಿ ಪ್ರತಿ ಚಪ್ಪಡಿಗೂ ಬೋಲ್ಟು ಹಾಕಿ, ಬೋಲ್ಟಿನ ತಲೆಗೆ ಅಲ್ಯೂಮಿನಿಯಂ ಟೊಪ್ಪಿಗೆ ತೊಡಿಸಿದ್ದಾರೆ. ಬೆಳಗಿನ ಬಿಸಿಲಿನಲ್ಲಿ ಆ ಸಾವಿರಾರು ಚುಕ್ಕೆಗಳು ಮಿನುಗುತ್ತವೆ. ಇದು ಹೊದಿಕೆ ಮಾತ್ರ ಎಂದು ಕಟ್ಟಡವೇ ಒಪ್ಪಿಕೊಂಡಂತೆ. ಆದರೆ ಚಪ್ಪಡಿಗಳ ಹಿಂದಿನ ಗಾರೆ ಹಿಡಿದುಕೊಂಡ ಮೇಲೆ ಆ ಬೋಲ್ಟುಗಳಿಗೆ ಹೆಚ್ಚಿನ ಕೆಲಸ ಉಳಿದಿರಲಿಲ್ಲವೆಂದು ವಾಸ್ತುತಜ್ಞರು ಹೇಳುತ್ತಾರೆ. ಹಾಗಾದರೆ ಅವು ಅಲಂಕಾರವೇ ಅಲ್ಲವೇ? ಹೌದೆಂದೇ ನನಗೆ ತೋರುತ್ತದೆ. ಹೂಬಳ್ಳಿ, ದೇವತೆಗಳ ಬದಲು ಕಟ್ಟಿದ ಬಗೆಯೇ ಅಲಂಕಾರವಾದದ್ದು ಇಲ್ಲಿನ ಹೊಸತನ.

ಒಳಗಿನ ಹಣಕಾಸಿನ ಸಭಾಂಗಣ ಫೋಟೋಗಳಲ್ಲಿ ಕಂಡದ್ದಕ್ಕಿಂತ ಚಿಕ್ಕದು, ಆದರೆ ಬಹಳ ಹಗುರ. ಮೇಲೆ ಬಾಗಿದ ಗಾಜಿನ ಚಾವಣಿ. ಕೆಳಗೆ ಗಾಜಿನ ಬಿಲ್ಲೆಗಳನ್ನು ಕೂರಿಸಿದ ನೆಲ, ಅದರ ಮೂಲಕ ನೆಲಮಾಳಿಗೆಗೂ ಹಗಲ ಬೆಳಕು ಇಳಿಯುತ್ತದೆ. ಬಿಸಿಗಾಳಿ ಊದುವ ಕೊಳವೆಗಳು ಗೋಡೆಯೊಳಗೆ ಅಡಗಿಲ್ಲ, ಅಲ್ಯೂಮಿನಿಯಂ ಕಂಬಗಳಂತೆ ಎದುರಿಗೇ ನಿಂತಿವೆ. ಅಲ್ಯೂಮಿನಿಯಂ ಆಗ ಕಟ್ಟಡಗಳಿಗೆ ಹೊಸ ಲೋಹ. ಇಲ್ಲಿಗಾಗಿ ವಾಗ್ನರ್ ರೂಪಿಸಿದ ಬಾಗುಮರದ ಆಸನಗಳ ಕಾಲುಗಳಿಗೂ ಅದೇ ಲೋಹದ ಕವಚವಿತ್ತು; ನೆಲಕ್ಕೆ ತಾಗಿ ಸವೆಯುವ ಕಡೆಗೆ ಮಾತ್ರ ಲೋಹ, ಉಳಿದೆಡೆ ಮರ. ದೊಡ್ಡ ಬ್ಯಾಂಕುಗಳು ಬಾಗಿಲು ತೆರೆಯದಿದ್ದ ಸಣ್ಣ ಉಳಿತಾಯಗಾರರಿಗಾಗಿ ಹುಟ್ಟಿದ ಸಂಸ್ಥೆ ಇದು. ಕುರ್ಚಿ, ದೀಪ, ಬಾಗಿಲಿನ ಹಿಡಿಯವರೆಗೆ ಒಂದೇ ಮನಸ್ಸು ಕೆಲಸ ಮಾಡಿರುವ ಈ ಕಟ್ಟಡವನ್ನು ಈ ಪ್ರವಾಸದ ಅತ್ಯುತ್ತಮ ಒಳಾಂಗಣವೆಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ಮಧ್ಯಾಹ್ನ ಮಿಖಾಯೆಲರ್ ಚೌಕಕ್ಕೆ ಹೋದೆವು. ಚಕ್ರವರ್ತಿಯ ಅರಮನೆಯ ಗುಮ್ಮಟದ ಬಾಗಿಲಿಗೆ ಎದುರಾಗಿ, ಗೋಲ್ಡ್‌ಮನ್ ಮತ್ತು ಸಲಾಟ್ಶ್ ಎಂಬ ಉಡುಪಿನ ಅಂಗಡಿಗಾಗಿ 1909ರಿಂದ 1911ರ ಅವಧಿಯಲ್ಲಿ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಕಟ್ಟಿದ ಕಟ್ಟಡವಿದೆ. ಕೆಳಗಿನ ಭಾಗಕ್ಕೆ ಹಸಿರು ನರಗಳ ಗ್ರೀಕ್ ಅಮೃತಶಿಲೆ. ಮೇಲಿನ ಮಹಡಿಗಳಲ್ಲಿ ಬರಿಯ ಬಿಳಿ ಗಾರೆ, ಕಿಟಕಿಗಳ ಸುತ್ತ ಒಂದು ಗೆರೆಯೂ ಇಲ್ಲ. ಹುಬ್ಬಿಲ್ಲದ ಮನೆ ಎಂದು ಊರವರು ಹಂಗಿಸಿದರು. 1910ರಲ್ಲಿ ನಗರಾಡಳಿತ ಕೆಲಸವನ್ನೇ ತಡೆಯಿತು. ಕೊನೆಗೆ ಕಿಟಕಿಗಳಿಗೆ ಕಂಚಿನ ಹೂಕುಂಡಗಳನ್ನಿಟ್ಟು ರಾಜಿಯಾಯಿತು. ಇಂದು ನಿಂತು ನೋಡಿದರೆ ಇಷ್ಟಕ್ಕೆ ಅಷ್ಟೊಂದು ಗಲಾಟೆ ಏಕೆಂದು ಅನ್ನಿಸುವುದು ಸಹಜ. ಚೌಕದ ಉಳಿದ ಮುಖಗಳನ್ನು ನಿಧಾನವಾಗಿ ನೋಡಿದ ಮೇಲೆ ಗಲಾಟೆಯ ಕಾರಣ ಅರ್ಥವಾಗುತ್ತದೆ. ಅಲಂಕಾರವನ್ನು ಬಿಟ್ಟ ಲೋಸ್ ಬೆಲೆಬಾಳುವ ಕಲ್ಲನ್ನು ಮಾತ್ರ ಬಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಸರಳತೆ ಎಂದರೆ ಅಗ್ಗವೆಂದೇನೂ ಅವರು ಭಾವಿಸಿರಲಿಲ್ಲ. ಇದಕ್ಕೂ ಮೊದಲು, 1899ರಲ್ಲಿ, ಅವರು ರೂಪಿಸಿದ ಕಾಫಿ ಮಂದಿರವೊಂದು ನಗರದಲ್ಲಿ ಇಂದಿಗೂ ಇದೆ. ಏನೂ ಇಲ್ಲದ ಅದರ ಗೋಡೆಗಳನ್ನು ಕಂಡು ಜನ ಅದಕ್ಕೆ ಶೂನ್ಯವಾದಿ ಕೆಫೆ ಎಂದು ಅಡ್ಡಹೆಸರಿಟ್ಟಿದ್ದರು. ಅಲ್ಲಿಗೆ ಲೋಸ್ ಆರಿಸಿದ್ದು ಬಾಗುಮರದ ಕುರ್ಚಿಯನ್ನೇ. ಕೋಲುಗಳನ್ನು ಅಂಡಾಕಾರಕ್ಕೆ ತೆಳುವಾಗಿಸಿ ಅದರ ತೂಕವನ್ನು ಇನ್ನಷ್ಟು ಇಳಿಸಿದ್ದರು.

ಶುಕ್ರವಾರ, ಬ್ರ್ನೋ

ವಿಯೆನ್ನಾದಿಂದ ಚೆಕ್ ಗಣರಾಜ್ಯದ ಬ್ರ್ನೋ ನಗರಕ್ಕೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಲೋಸ್ ಹುಟ್ಟಿದ ಊರಿದು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇಲ್ಲಿ ಹೊಸ ವಾಸ್ತು ಶ್ರೀಮಂತರ ಶೋಕಿಯಾಗಿ ಉಳಿಯದೆ ಊರಿನ ರೂಢಿಯೇ ಆಗಿತ್ತು. ಸುಮಾರು 8 ಮೀಟರ್ ಅಗಲದ ಇಕ್ಕಟ್ಟಿನ ನಿವೇಶನದಲ್ಲಿ ಬೊಹುಸ್ಲಾವ್ ಫುಕ್ಸ್ 1920ರ ದಶಕದ ಕೊನೆಯಲ್ಲಿ ಎಬ್ಬಿಸಿದ ಆವಿಯೋನ್ ಹೋಟೆಲನ್ನು ನೋಡಿದರೆ ಸಾಕು, ಇಲ್ಲಿನ ವಾಸ್ತುಶಿಲ್ಪಿಗಳ ಧೈರ್ಯ ತಿಳಿಯುತ್ತದೆ. ಆದರೆ ನಾವು ತಿಂಗಳುಗಳ ಮೊದಲೇ ಟಿಕೆಟ್ ಕಾಯ್ದಿರಿಸಿ ಬಂದದ್ದು ಟೂಗೆಂಡ್‌ಹಾಟ್ ಮನೆಗಾಗಿ.

ಬಟ್ಟೆ ಗಿರಣಿಗಳ ಯಹೂದಿ ಮನೆತನಗಳಲ್ಲಿ ಹುಟ್ಟಿದ ಫ್ರಿಟ್ಸ್ ಮತ್ತು ಗ್ರೇಟೆ ಟೂಗೆಂಡ್‌ಹಾಟ್ ದಂಪತಿಗಾಗಿ ಜರ್ಮನ್ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರು 1929 ಮತ್ತು 1930ರಲ್ಲಿ ಇದನ್ನು ಕಟ್ಟಿದರು. ಬೀದಿಯಿಂದ ನೋಡಿದರೆ ಒಂದೇ ಅಂತಸ್ತಿನ ಸಾಧಾರಣ ಬಿಳಿ ಕಟ್ಟಡ. ಇಳಿಜಾರಿನಲ್ಲಿ ಇರುವುದರಿಂದ ಮುಖ್ಯ ಕೋಣೆ ಅದರ ಕೆಳಗಿದೆ. ಸುರುಳಿ ಮೆಟ್ಟಿಲಿಳಿದು ಅಲ್ಲಿಗೆ ಬಂದಾಗ 200 ಚದರ ಮೀಟರಿಗೂ ಮಿಗಿಲಾದ ಜಾಗ, ಅದರಾಚೆ ಹೂತೋಟ, ಅದರಾಚೆ ಇಡೀ ಊರು ಒಮ್ಮೆಗೇ ತೆರೆದುಕೊಳ್ಳುತ್ತವೆ. ಭಾರವನ್ನು ಹೊತ್ತಿರುವುದು ಕ್ರೋಮ್ ಲೇಪಿಸಿದ, ಶಿಲುಬೆಯಾಕಾರದ ತೆಳು ಉಕ್ಕಿನ ಕಂಬಗಳು. ಗೋಡೆಗಳಿಗೆ ಹೊರುವ ಕೆಲಸವೇ ಇಲ್ಲದಿರುವುದರಿಂದ ಅವು ಜಾಗವನ್ನು ಬೇರ್ಪಡಿಸುವ ತೆರೆಗಳಾಗಿವೆ: ಮೊರಾಕೊದಿಂದ ತಂದ ಜೇನುಬಣ್ಣದ ಓನಿಕ್ಸ್ ಕಲ್ಲಿನ ಒಂದು ಹಲಗೆ, ಊಟದ ಮೇಜನ್ನು ಸುತ್ತುವರಿದ ಮಕಾಸರ್ ಕರಿಮರದ ಅರ್ಧವೃತ್ತ. ಎರಡು ದೊಡ್ಡ ಗಾಜುಗಳು ಗುಂಡಿಯೊತ್ತಿದರೆ ನೆಲಮಾಳಿಗೆಗೆ ಇಳಿದುಬಿಡುತ್ತವೆ. ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದಾಗ ಓನಿಕ್ಸ್ ಕೆಂಪಾಗಿ ಬೆಳಗುತ್ತದೆಯಂತೆ. ನಾವು ಹೋದಾಗ ಮೋಡ ಕವಿದಿತ್ತು.

ಇಲ್ಲಿನ ಕುರ್ಚಿಗಳನ್ನು ಬೇರೆಯಾಗಿ ನೋಡಲು ಸಾಧ್ಯವೇ ಇಲ್ಲ. ಮೀಸ್ ಜೊತೆ ಕೆಲಸ ಮಾಡಿದ ಲಿಲಿ ರೈಖ್ ಅವರ ಕೈಚಳಕ ಪರದೆಯ ಬಟ್ಟೆಯಿಂದ ಆಸನದ ಬಣ್ಣದವರೆಗೆ ಕಾಣುತ್ತದೆ, ಹೆಸರು ಮಾತ್ರ ಬಹುಕಾಲ ಮೀಸ್ ಒಬ್ಬರದೇ ಆಗಿತ್ತು. ಹಿಂಗಾಲುಗಳಿಲ್ಲದೆ ಮುಂದಕ್ಕೆ ಚಾಚಿಕೊಂಡು ನಿಲ್ಲುವ ಬ್ರ್ನೋ ಕುರ್ಚಿ, ಕಂಬಗಳಂತೆಯೇ ಕ್ರೋಮ್ ಹೊಳಪಿನದು. ಪ್ರತಿಯೊಂದಕ್ಕೂ ನಿಗದಿಯಾದ ಸ್ಥಳವಿದೆ. ಇಂಥ ಮನೆಯಲ್ಲಿ ವಾಸಿಸಲು ಸಾಧ್ಯವೇ ಎಂದು 1931ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ಒಬ್ಬ ವಿಮರ್ಶಕರು ಕೇಳಿದ್ದರು. ಸಾಧ್ಯವೆಂದು ಗಂಡಹೆಂಡಿರಿಬ್ಬರೂ ಅದೇ ಪತ್ರಿಕೆಯಲ್ಲಿ ಉತ್ತರಿಸಿದರು. ನನಗೆ ಅವರ ಮಾತಿನಲ್ಲಿ ನಂಬಿಕೆಯಿದೆ. ಆದರೆ ಪ್ರಶ್ನೆ ಕೇಳಿದ್ದು ತಪ್ಪೆಂದೂ ಅನ್ನಿಸಲಿಲ್ಲ. ಕಾರ್ಖಾನೆಯ ಉಕ್ಕಿನಿಂದ ಹುಟ್ಟಿದ ವಾಸ್ತು ಇಲ್ಲಿ ಅತಿ ಸಿರಿವಂತರಷ್ಟೇ ಕೊಳ್ಳಬಲ್ಲ ವಸ್ತುವಾಗಿದೆ.

ಅವರು ಇಲ್ಲಿ ವಾಸಿಸಿದ್ದು ಎಂಟೇ ವರ್ಷ. 1938ರಲ್ಲಿ ಕುಟುಂಬ ದೇಶ ಬಿಟ್ಟಿತು, ಮರುವರ್ಷ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಮನೆಯನ್ನು ವಶಪಡಿಸಿಕೊಂಡಿತು, 1945ರಲ್ಲಿ ಸೋವಿಯತ್ ಪಡೆಯ ಕುದುರೆಗಳು ಇಲ್ಲಿ ತಂಗಿದವು. ಆಮೇಲೆ ನೃತ್ಯಶಾಲೆ, ಬೆನ್ನುಮೂಳೆಯ ತೊಂದರೆಯಿರುವ ಮಕ್ಕಳ ವ್ಯಾಯಾಮ ಚಿಕಿತ್ಸಾಲಯ. 1992ರ ಆಗಸ್ಟಿನಲ್ಲಿ ಚೆಕೊಸ್ಲೊವಾಕಿಯಾವನ್ನು ಎರಡಾಗಿಸುವ ಮಾತುಕತೆ ನಡೆದದ್ದೂ ಈ ಮನೆಯಲ್ಲಿಯೇ. ಕಾಣೆಯಾಗಿದ್ದ ಕರಿಮರದ ಅರ್ಧವೃತ್ತದ ಹಲಗೆಗಳು, ಯುದ್ಧಕಾಲದಲ್ಲಿ ಗೆಸ್ಟಾಪೊ ಕಚೇರಿಯಾಗಿದ್ದ ಕಾನೂನು ಕಾಲೇಜಿನ ಉಪಾಹಾರ ಕೋಣೆಯ ಗೋಡೆಯಲ್ಲಿ 2011ರಲ್ಲಿ ಸಿಕ್ಕಿದವು. ಅವನ್ನು ತಂದು ಮತ್ತೆ ಸ್ವಸ್ಥಾನದಲ್ಲಿ ನಿಲ್ಲಿಸಿದ್ದಾರೆ.

ಭಾನುವಾರ, ವೈಮಾರ್

ಶನಿವಾರವೆಲ್ಲ ರೈಲಿನಲ್ಲಿ ಕಳೆಯಿತು. ಜರ್ಮನಿಯ ವೈಮಾರ್ ಸೊಗಸಾದ ಊರು, ಆದರೆ ನಮ್ಮ ವಿಷಯಕ್ಕೆ ಇಲ್ಲಿ ನೋಡುವುದು ಕಡಿಮೆ. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1919ರ ಏಪ್ರಿಲಿನಲ್ಲಿ ಬೌಹೌಸ್ ಶಾಲೆಯನ್ನು ಆರಂಭಿಸಿದ್ದು ಇಲ್ಲಿ, ಹೆನ್ರಿ ವಾನ್ ಡೆ ವೆಲ್ಡೆ ಕಟ್ಟಿದ್ದ ಕಲಾಶಾಲೆಯ ಕಟ್ಟಡಗಳಲ್ಲಿ. ಮೊದಲ ವರ್ಷಗಳ ಬೌಹೌಸ್ ಯಂತ್ರದ ಪರವಾಗಿರಲಿಲ್ಲ. ಕೈಕಸುಬು, ಕುಶಲಕರ್ಮಿಗಳ ಸಂಘ ಎಂಬ ಮಧ್ಯಯುಗದ ಕನಸುಗಳೇ ಅದನ್ನು ಆಳುತ್ತಿದ್ದವು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಪ್ರಾಚ್ಯಕಲಾ ಸಂಘದ ಪ್ರದರ್ಶನಕ್ಕೆ ಇಲ್ಲಿಂದ ಹೋದ ಕೃತಿಗಳೂ ಕ್ಲೀ, ಕಾಂಡಿನ್ಸ್ಕಿ ಮುಂತಾದವರ ಚಿತ್ರಗಳೇ ಹೊರತು ಕುರ್ಚಿಗಳಲ್ಲ.

ತಿರುವು ಕಾಣುವುದು 1923ರ ಪ್ರದರ್ಶನಕ್ಕಾಗಿ ಚಿತ್ರಕಾರ ಗಿಯಾರ್ಗ್ ಮೂಖೆ ರೂಪಿಸಿದ ಹೌಸ್ ಆಮ್ ಹಾರ್ನ್ ಎಂಬ ಪ್ರಯೋಗದ ಮನೆಯಲ್ಲಿ. ನಡುವೆ ಎತ್ತರದ ಹಜಾರ, ಸುತ್ತ ಚಿಕ್ಕ ಕೋಣೆಗಳು. ನಮ್ಮ ತೊಟ್ಟಿಮನೆಯನ್ನು ಮುಚ್ಚಿ ಮೇಲಿನಿಂದ ಕಿಟಕಿ ಕೊಟ್ಟಂತೆ ನನಗೆ ಕಂಡಿತು. ಅಡುಗೆಮನೆಯಲ್ಲಿ ಬೆನಿಟಾ ಓಟೆ ಮತ್ತು ಅರ್ನ್ಸ್ಟ್ ಗೆಭಾರ್ಟ್ ಒಂದೇ ಎತ್ತರದ ಕಟ್ಟೆಯನ್ನೂ ಗೋಡೆಗೆ ತೂಗುಹಾಕಿದ ಕಪಾಟುಗಳನ್ನೂ ಇಟ್ಟಿದ್ದಾರೆ. ಇಂದು ಬೆಂಗಳೂರಿನ ಯಾವ ಹೊಸ ಫ್ಲ್ಯಾಟಿಗೆ ಹೋದರೂ ಕಾಣುವ ಏರ್ಪಾಡು. ಮರುವರ್ಷ, ವೈಮಾರ್ ಇರುವ ತುರಿಂಗಿಯಾ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದ ಬಲಪಂಥೀಯರು ಶಾಲೆಯ ಅನುದಾನ ಕಡಿದರು. 1925ರಲ್ಲಿ ಶಾಲೆ ಡೆಸ್ಸೌಗೆ ಹೊರಟಿತು, ಸಂಜೆಯ ರೈಲಿಗೆ ನಾವೂ.

ಸೋಮವಾರ, ಡೆಸ್ಸೌ

ಬೌಹೌಸ್ ಕಟ್ಟಡದಲ್ಲಿ ವಿದ್ಯಾರ್ಥಿಗಳು ವಾಸಿಸುತ್ತಿದ್ದ 28 ಕೋಣೆಗಳ ಭಾಗದಲ್ಲಿ ಪ್ರವಾಸಿಗಳು ರಾತ್ರಿ ತಂಗಬಹುದು. ನಮಗೆ ಸಿಕ್ಕ ಕೋಣೆಗೆ ದೊಡ್ಡ ಕಿಟಕಿ, ಪುಟ್ಟ ಬಾಲ್ಕನಿ. ಸ್ನಾನದ ಮನೆ ಮಾತ್ರ ಹಜಾರದ ತುದಿಯಲ್ಲಿ, ಎಲ್ಲರಿಗೂ ಸೇರಿದ್ದು.

1926ರ ಡಿಸೆಂಬರ್ 4ರಂದು ಉದ್ಘಾಟನೆಯಾದ ಈ ಕಟ್ಟಡಕ್ಕೆ ಎದುರುಭಾಗವೆಂಬುದೇ ಇಲ್ಲ. ಕಾರ್ಯಾಗಾರ, ತರಗತಿ, ವಸತಿ ಎಂದು ಮೂರು ಬೇರೆಬೇರೆ ಅಂಗಗಳನ್ನು ಸೇತುವೆಯಿಂದಲೂ ತಗ್ಗಾದ ಸಭಾಂಗಣದಿಂದಲೂ ಜೋಡಿಸಿದ್ದಾರೆ. ಸುತ್ತಿ ಬಂದಲ್ಲದೆ ಅದು ಅರ್ಥವಾಗುವುದಿಲ್ಲ. ಕಾರ್ಯಾಗಾರದ ಭಾಗದಲ್ಲಿ ಕಾಂಕ್ರೀಟ್ ಕಂಬಗಳನ್ನು ಒಳಕ್ಕೆ ಸರಿಸಿ, ಹೊರಗೆ ಮೂಲೆಯನ್ನೂ ಬಿಡದೆ ಮೂರು ಅಂತಸ್ತಿನ ಗಾಜನ್ನು ತೂಗುಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಇಲ್ಲಿ ಸೆಕೆ, ಚಳಿಗಾಲದಲ್ಲಿ ನಡುಕ. ಜಗತ್ತಿನ ಸೆಕೆಯ ಊರುಗಳೆಲ್ಲ ಈ ಗಾಜಿನ ಮೋಹವನ್ನು ಕಣ್ಣುಮುಚ್ಚಿ ಅನುಸರಿಸಿದ್ದನ್ನು ನೆನೆದರೆ, ಬರ್ಲಿನ್ನಿನಲ್ಲಿ ಹುಟ್ಟಿ ಓದಿದ ಓಟ್ಟೊ ಕೊನಿಗ್ಸ್‌ಬರ್ಗರ್ ಅವರ ಬಗ್ಗೆ ಗೌರವ ಹೆಚ್ಚುತ್ತದೆ. ನಾಜಿಗಳಿಂದಾಗಿ ದೇಶ ತೊರೆದ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳಿವೆ. ಬಿಸಿಲು, ಗಾಳಿ, ಮಳೆಗೆ ತಕ್ಕಂತೆ ಕಟ್ಟುವ ವಿದ್ಯೆಯನ್ನು ಮುಂದೆ ಲಂಡನ್ನಿನಲ್ಲಿ ಒಂದು ಶಿಸ್ತಾಗಿ ಕಲಿಸಿದವರಲ್ಲಿ ಅವರು ಪ್ರಮುಖರು.

ಬೌಹೌಸ್‌ನಲ್ಲಿಯೇ ಕಲಿತ ಮಾರ್ಸೆಲ್ ಬ್ರಾಯರ್ ಉಕ್ಕಿನ ಕೊಳವೆಯ ಕುರ್ಚಿಯನ್ನು ಮಾಡಿದ್ದು ಡೆಸ್ಸೌಗೆ ಬಂದ ಹೊಸದರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ. ಹೊಸದಾಗಿ ಕೊಂಡ ಸೈಕಲ್ಲಿನ ಹ್ಯಾಂಡಲ್ ಅನ್ನು ನೋಡಿ, ಇಷ್ಟು ಸಲೀಸಾಗಿ ಬಾಗುವ ಕೊಳವೆಯಿಂದ ಆಸನವನ್ನೇಕೆ ಮಾಡಬಾರದೆಂದು ಯೋಚಿಸಿದರಂತೆ. ಬೆಸುಗೆಯ ಗೆರೆಯಿಲ್ಲದ ಕೊಳವೆ ಆಗಲೇ ಮಾರುಕಟ್ಟೆಯಲ್ಲಿತ್ತು; ಗೆರೆಯಿದ್ದರೆ ಬಾಗಿಸುವಾಗ ಅಲ್ಲಿಯೇ ಬಿರುಕು ಬಿಡುವ ಭಯ. ಭಾರಿ ಸೋಫಾ ಕುರ್ಚಿಯ ಮಾಂಸವೆಲ್ಲ ಕರಗಿ ಮೂಳೆಯಷ್ಟೇ ಉಳಿದ ರೂಪ ಅದು. ಕುಳಿತವರ ಮೈ ಉಕ್ಕಿಗೆ ತಾಗದಂತೆ ಮೇಣ ಹಚ್ಚಿದ ಗಟ್ಟಿ ಹತ್ತಿನೂಲಿನ ಪಟ್ಟಿಗಳನ್ನು ಬಿಗಿದರು. ಆ ಬಟ್ಟೆಯನ್ನು ಅಭಿವೃದ್ಧಿಪಡಿಸಿದ್ದು ಗುಂಟಾ ಸ್ಟೋಲ್ಜ್ಲ್ ಮುನ್ನಡೆಸಿದ ನೇಯ್ಗೆಯ ವಿಭಾಗ. ಸಮಾನತೆಯ ಮಾತಾಡಿದ ಈ ಶಾಲೆ ಬಹುಪಾಲು ಹೆಣ್ಣುಮಕ್ಕಳನ್ನು ಮಗ್ಗದ ಕಡೆಗೇ ತಳ್ಳಿತು ಎಂಬುದನ್ನು ಹೇಳದಿರಲಾಗದು. ಸಭಾಂಗಣದಲ್ಲಿ ಬ್ರಾಯರ್ ರೂಪಿಸಿದ ಮಡಚುವ ಆಸನಗಳ ಸಾಲಿನಲ್ಲಿ ಕುಳಿತುನೋಡಿದೆವು. ಬೆನ್ನಿಗೆ ಹಿತವೆಂದು ಪ್ರಮಾಣ ಮಾಡಲಾರೆ.

1920ರ ದಶಕದ ಕೊನೆಗೆ ಬ್ರಾಯರ್ ಅವರ ಕೊಳವೆ ಕುರ್ಚಿಗಳನ್ನು ತಯಾರಿಸುವ ಹಕ್ಕನ್ನು ಕೊಂಡದ್ದು ತೋನೆಟ್ ಕಂಪನಿ. ಮರವನ್ನು ಬಾಗಿಸುತ್ತಿದ್ದವರು ಉಕ್ಕನ್ನು ಬಾಗಿಸತೊಡಗಿದರು. ಆದರೂ ಜನಸಾಮಾನ್ಯರ ಮನೆಗೆ ಉಕ್ಕಿನ ಕುರ್ಚಿ ಹೋಗಲಿಲ್ಲ. ಬೌಹೌಸ್‌ಗೆ ವ್ಯಾಪಾರದಲ್ಲಿ ನಿಜವಾದ ಲಾಭ ತಂದದ್ದು ಗೋಡೆಗೆ ಅಂಟಿಸುವ ಸಾದಾ ಕಾಗದ. ಬ್ರಾಯರ್ ಅವರ ಆ ಮೊದಲ ಕುರ್ಚಿಗೆ ಇಂದು ಲಕ್ಷ ರೂಪಾಯಿಗೂ ಮೀರಿದ ಬೆಲೆ.

ಮಂಗಳವಾರ, ಡೆಸ್ಸೌ

ನಗರದ ದಕ್ಷಿಣಕ್ಕಿರುವ ಟೋರ್ಟನ್ ಬಡಾವಣೆಗೆ ಟ್ರಾಮಿನಲ್ಲಿ ಹೋದೆವು. ಕೂಲಿಕಾರರಿಗೆ ಎಟುಕುವ ಮನೆಗಳು ಬೇಕೆಂದು ನಗರಾಡಳಿತ ಕೇಳಿದಾಗ ಗ್ರೋಪಿಯಸ್ 1926ರಿಂದ 1928ರೊಳಗೆ 314 ಮನೆಗಳನ್ನು ಇಲ್ಲಿ ಕಟ್ಟಿದರು. ಟೊಳ್ಳು ಇಟ್ಟಿಗೆ ಮತ್ತು ಕಾಂಕ್ರೀಟ್ ತೊಲೆಗಳನ್ನು ಸ್ಥಳದಲ್ಲಿಯೇ ಎರೆದು, ಹಳಿ ಹಾಸಿ ಸಾಗಿಸಿ, ಕ್ರೇನಿನಿಂದ ಎತ್ತಿಟ್ಟು, ಕೆಲಸವನ್ನು ಕಾರ್ಖಾನೆಯ ಸಾಲಿನಂತೆ ವಿಂಗಡಿಸಿದ್ದರು. ಪ್ರತಿ ಮನೆಯ ಹಿಂದೆ ತರಕಾರಿ ಬೆಳೆಯುವಷ್ಟು ಹಿತ್ತಲು. ಆತುರದ ಪ್ರಯೋಗಕ್ಕೆ ತೆರಬೇಕಾದ ಬೆಲೆಯೂ ಇತ್ತು: ಗೋಡೆಗಳಲ್ಲಿ ಬಿರುಕು, ತೇವ, ಮೊದಲ ಮನೆಗಳ ಕಿಟಕಿಗಳಂತೂ ಕುಳಿತವರಿಗೆ ಹೊರಗಿನದೇನೂ ಕಾಣದಷ್ಟು ಎತ್ತರದಲ್ಲಿದ್ದವು. ಮನೆಗಳು ಸ್ವಂತದವಾಗಿದ್ದರಿಂದ ಮಾಲೀಕರು ಕಿಟಕಿ ತಗ್ಗಿಸಿದರು, ಬಣ್ಣ ಬದಲಿಸಿದರು, ಬಾಗಿಲು ತಿರುಗಿಸಿದರು. ಒಂದೇ ಬಗೆಯಾಗಿ ಹುಟ್ಟಿದ ಸಾಲಿನಲ್ಲಿ ಇಂದು ಒಂದರಂತೆ ಇನ್ನೊಂದಿಲ್ಲ. ಇದನ್ನು ಅಪಚಾರವೆನ್ನುವ ವಾಸ್ತುಪ್ರೇಮಿಗಳಿದ್ದಾರೆ. ಎತ್ತರದ ಕಿಟಕಿಯ ಕೆಳಗೆ ಅವರು ಒಂದು ತಿಂಗಳು ವಾಸಿಸಿ ನೋಡಲಿ.

ಬಡಾವಣೆಯ ಅಂಚಿಗೆ ಕೆಂಪು ಇಟ್ಟಿಗೆಯ ಮೂರು ಅಂತಸ್ತಿನ ಐದು ಕಟ್ಟಡಗಳಿವೆ. ಗ್ರೋಪಿಯಸ್ ನಂತರ 1928ರಲ್ಲಿ ನಿರ್ದೇಶಕರಾದ ಹಾನೆಸ್ ಮೆಯರ್ ಅವರ ವಾಸ್ತು ವಿಭಾಗ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕಟ್ಟಿದ 90 ಬಾಡಿಗೆ ಮನೆಗಳು ಇವು. ಭೋಗಕ್ಕಲ್ಲ, ಜನರ ಅಗತ್ಯಕ್ಕೆ ಎಂಬುದು ಮೆಯರ್ ಅವರ ನಿಲುವಾಗಿತ್ತು. ಮೆಟ್ಟಿಲುಗಳ ಸಂಖ್ಯೆ ತಗ್ಗಿಸಲು ಉತ್ತರದ ಬದಿಗೆ ಉದ್ದನೆಯ ತೆರೆದ ಜಗಲಿ, ಅದರಿಂದ ಪ್ರತಿ ಮನೆಗೂ ಬಾಗಿಲು. ವಾಸದ ಕೋಣೆಗಳೆಲ್ಲ ಬಿಸಿಲಿರುವ ದಕ್ಷಿಣಕ್ಕೆ. ಐವತ್ತು ಚದರ ಮೀಟರಿಗೂ ಕಡಿಮೆ ಜಾಗದಲ್ಲಿ ಅಡುಗೆಮನೆ, ಸ್ನಾನದ ಮನೆ, ಮೂರು ಕೋಣೆ. ಫೋಟೋ ತೆಗೆಯಲು ಯಾರೂ ಬರುವಂತೆ ಕಾಣಲಿಲ್ಲ. ಬಾಡಿಗೆದಾರರು ತುಂಬಿದ್ದಾರೆ, ಜಗಲಿಯ ಮೇಲೆ ಸೈಕಲ್ಲುಗಳಿವೆ. ನನ್ನ ಪತ್ನಿ ಇಡೀ ಪ್ರವಾಸದಲ್ಲಿ ತಾನು ವಾಸಿಸಲು ಒಪ್ಪುವ ಮನೆ ಇದೊಂದೇ ಎಂದಳು. ನನ್ನ ಮತವೂ ಅದೇ: ಅಗ್ಗವಾಗಿ, ಗಟ್ಟಿಯಾಗಿ, ಬಳಸುವವರನ್ನು ಗಮನದಲ್ಲಿಟ್ಟು ಕಟ್ಟಬೇಕೆಂಬ ಮಾತನ್ನು ಬೌಹೌಸ್ ನಡೆಸಿಕೊಟ್ಟದ್ದು ಇಲ್ಲಿಯೇ. ಈ ಮನೆಗಳು ಪೂರ್ಣಗೊಂಡ 1930ರಲ್ಲಿಯೇ, ಎಡಪಂಥೀಯ ನಿಲುವಿನ ಕಾರಣಕ್ಕೆ ನಗರಾಡಳಿತ ಮೆಯರ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅವರ ಸ್ಥಾನಕ್ಕೆ ಬಂದವರು ಮೀಸ್ ವಾನ್ ಡೆರ್ ರೋ. ಬ್ರ್ನೋದ ಆ ಮನೆಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ.